ದರ್ಜಿ ಬಿಟ್ಟ ಸಡಿಲ

ಎಸ್‌ಯುವಿಯ ಹಿಂಬದಿಯಲ್ಲಿ, ಬಂಪರಿನ ಕೆಳಗೆ, ಚೌಕಾಕಾರದ ಒಂದು ಕಪ್ಪು ಬಾಯಿ. ಅದರ ಪ್ಲಾಸ್ಟಿಕ್ ಮುಚ್ಚಳ ನೆಲದ ಮೇಲೆ ಬೋರಲು ಬಿದ್ದಿದೆ. ಬಾಯಿಯ ಅಂಚಿನಿಂದ ಹೊಲಿಗೆಯಂಗಡಿಯ ಹಳದಿ ಟೇಪೊಂದು ಇಳಿಬಿದ್ದಿದೆ; ವರ್ಷಗಟ್ಟಲೆ ಬೆರಳು ತಾಗಿ ತಾಗಿ ಅದರ ಮೊದಲ ಅಂಕಿಗಳು ಮಾಸಿವೆ. ಪಕ್ಕದಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚಪ್ಪಟೆ ಬಿಲ್ಲೆ. ಗೋಡೆಗೆ ಒರಗಿ ಎರಡು ಸೈಕಲ್ಲು, ಒಂದು ಕಪ್ಪು, ಒಂದು ತಿಳಿನೀಲಿ. ನೀಲಿಯದಕ್ಕೆ ನಡುವಿನ ಅಡ್ಡಕೊಳವೆಯಿಲ್ಲ; ಸೀಟಿನ ಕೆಳಗೆ ಬ್ಯಾಟರಿಯ ಪೆಟ್ಟಿಗೆಯಿದೆ. ಇವೆಲ್ಲದರ ನಡುವೆ ಮಂಡಿಯೂರಿದ ದರ್ಜಿ, ಕನ್ನಡಕವನ್ನು ಹಣೆಗೇರಿಸಿ, ತಲೆಯನ್ನು ಒಂದು ಬದಿಗೆ ವಾಲಿಸಿ, ಆ ಬಾಯಿಯನ್ನೇ ನೋಡುತ್ತಿದ್ದಾನೆ. ಅದೂ ಅವನನ್ನೇ ನೋಡುತ್ತಿರುವಂತಿದೆ.

ಅವನಿಗೆ ಅರ್ಥವಾಗದೆ ಇದ್ದುದು ಇಷ್ಟೇ. ಅಳತೆ ಕೊಟ್ಟು ತರಿಸಿದ ಸೈಕಲ್ ರ‍್ಯಾಕಿನ ಉಕ್ಕಿನ ದಂಡ ಆ ಬಾಯಿಯೊಳಗೆ ಹೋಗುತ್ತಿರಲಿಲ್ಲ. ಊರಿನ ಅರ್ಧ ಜನರ ಎದೆ, ಹೆಗಲು, ಸೊಂಟಗಳನ್ನು ಅಳೆದ ಕೈ ಅದು. ಇಲ್ಲಿ ಎಲ್ಲಿ ಎಡವಿತು?

ಈ ರ‍್ಯಾಕು ಬೇಕಾಗಿದ್ದುದು ಹೆಂಡತಿಗಾಗಿ. ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತೇ ಕಳೆದ ವರ್ಷಗಳು ಅವಳ ಎಡಮಂಡಿಯನ್ನು ತಿಂದುಹಾಕಿದ್ದವು. ಶಸ್ತ್ರಚಿಕಿತ್ಸೆಯಾಗಿತ್ತು. ಇನ್ನು ಸೈಕಲ್ ತುಳಿದರೆ ಮಾತ್ರ ಮಂಡಿ ಮಡಚೀತು, ಸುಮ್ಮನೆ ಕೂತರೆ ಹಾಗೇ ಬಿಗಿದುಕೊಂಡೀತು ಎಂದು ವೈದ್ಯರು ಹೇಳಿದ್ದರು. ಆದರೆ ಸಮತಟ್ಟಾದ ದಾರಿಯಲ್ಲಿ ಮಾತ್ರ. ಅವರ ಬೀದಿಯೋ ಏಣಿಯನ್ನು ಒರಗಿಸಿಟ್ಟ ಹಾಗೆ ಏರು. ಸಮತಟ್ಟು ದಾರಿಯೆಂದರೆ ಪೇಟೆಯಾಚೆಯ ಕೆರೆಯ ಸುತ್ತ. ಅಲ್ಲಿಯವರೆಗೆ ಸೈಕಲ್ಲುಗಳನ್ನು ಹೊತ್ತೊಯ್ಯಬೇಕಿತ್ತು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಎಸ್‌ಯುವಿಗೆ ಹಿಂದಿನ ಮಾಲೀಕ ದೋಣಿ ಎಳೆಯಲೆಂದು ಹಿಚ್ ಎಂಬ ಉಕ್ಕಿನ ಕೊಂಡಿ ಹಾಕಿಸಿದ್ದ. ಆ ಕಪ್ಪು ಬಾಯಿಯೇ ಹಿಚ್ಚು.

ಸಲಹೆಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯ ಫೋಟೋಗ್ರಾಫರನಿಗೆ ಬೀದಿಯಲ್ಲಿ ಹಗ್ಗಣ್ಣ ಎಂದೇ ಹೆಸರು. ಲೋಕದ ಯಾವ ತೊಡಕಿಗೂ ಅವನ ಬಳಿ ಒಂದು ಹಗ್ಗವಿತ್ತು. ಮೇಲೆ ಛಾವಣಿಯಿದೆ, ಕೆಳಗೆ ಹಗ್ಗವಿದೆ, ನಡುವೆ ಈ ಕಬ್ಬಿಣದ ಜಂಜಾಟ ಯಾಕೆ ಎಂಬುದು ಅವನ ವಾದ. ಆ ಭಾರದ ಸೈಕಲ್ಲನ್ನು ಛಾವಣಿಗೆ ಎತ್ತುವವರು ಯಾರು ಎಂದು ಕೇಳಿದರೆ ಕ್ಯಾಮೆರಾ ಒರೆಸುತ್ತ ಒಳಗೆ ಹೋದ. ಮೊಬೈಲಿನ ಒಂದು ವಿಡಿಯೋ ತೂಗುಹಾಕುವ ರ‍್ಯಾಕೇ ಸರಿ ಎಂದಿತು, ಇನ್ನೊಂದು ಚಕ್ರ ಕೂರಿಸುವ ತಟ್ಟೆಯಂಥದ್ದೇ ಸರಿ ಎಂದಿತು. ಮೂರನೆಯದು ಎರಡನ್ನೂ ಬೈದು ಬೇರೇನನ್ನೋ ಮಾರತೊಡಗಿತು. ದರ್ಜಿಗೆ ದಾರದ ಉಂಡೆಯನ್ನು ಬೆಕ್ಕಿನ ಕೈಗೆ ಕೊಟ್ಟಂತಾಯಿತು.

ದಂಡ ಹೋಗದ ಗುಟ್ಟನ್ನು ಬಿಡಿಸಿದವನು ರ‍್ಯಾಕಿನ ಅಂಗಡಿಯವನು. ದರ್ಜಿ ಅಳೆದಿದ್ದು ಬಾಯಿಯ ಹೊರ ಅಂಚಿನಿಂದ ಹೊರ ಅಂಚಿಗೆ. ಮನುಷ್ಯರನ್ನು ಯಾವಾಗಲೂ ಹೊರಗಿನಿಂದಲೇ ಅಳೆದವನು ಅವನು; ಒಳಗಿನಿಂದ ಅಳೆಯಬೇಕಾದ ಗಿರಾಕಿ ಈವರೆಗೆ ಸಿಕ್ಕಿರಲಿಲ್ಲ. ಒಳಗಿನ ಅಗಲ ಎರಡು ಇಂಚು. ಅಂಗಡಿಯವನು ರ‍್ಯಾಕು ಬದಲಿಸಿಕೊಟ್ಟ. ಯಾವ ಬಗೆಯ ಸೈಕಲ್ಲು, ಎಷ್ಟು ಭಾರ ಎಂದು ಅವನೂ ಕೇಳಲಿಲ್ಲ, ದರ್ಜಿಗೂ ಹೇಳಬೇಕೆಂದು ತೋಚಲಿಲ್ಲ. ಸಿಕ್ಕಿದ್ದು ತೂಗುಹಾಕುವ ರ‍್ಯಾಕು: ಎರಡು ತೋಳು, ಆ ತೋಳುಗಳ ಮೇಲೆ ಸೈಕಲ್ಲಿನ ಅಡ್ಡಕೊಳವೆ.

ನೀಲಿ ಸೈಕಲ್ಲಿಗೆ ಅಡ್ಡಕೊಳವೆಯೇ ಇಲ್ಲ. ಹೇಗೋ ಓರೆಯಾಗಿ ಸಿಕ್ಕಿಸಿದ. ಪಟ್ಟಿಗಳನ್ನು ಬಿಗಿಯುವಾಗ ಅವನ ಬೆರಳು ತನ್ನ ಹಳೆಯ ವಿದ್ಯೆಯನ್ನೇ ಮಾಡಿತು. ಕೋಟು ಮೈಗೆ ಅಂಟಬಾರದು. ತೊಟ್ಟವನು ಉಸಿರೆಳೆದರೆ ಹೊಲಿಗೆ ನೋಯಬಾರದು. ಅದಕ್ಕಾಗಿ ದರ್ಜಿ ಎಲ್ಲೆಲ್ಲೂ ಒಂದಿಷ್ಟು ಸಡಿಲ ಬಿಡುತ್ತಾನೆ. ಹಾಗೆಯೇ ಪ್ರತಿ ಪಟ್ಟಿಯಲ್ಲೂ ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟ. ಹಿಚ್ಚಿನ ಬೋಲ್ಟನ್ನೂ ಪೂರ್ತಿ ತಿರುಗಿಸಲಿಲ್ಲ. ಹೆಂಡತಿಯ ಸೈಕಲ್ಲು, ಹೊಸ ಬಣ್ಣ, ಗೀಚಬಾರದು ನೋಡಿ.

ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಗೆ ಹೊರಟ. ದೊಡ್ಡರಸ್ತೆ ಸೇರಿದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ವ್ಯಾನು ಹಾರ್ನು ಹೊಡೆಯತೊಡಗಿತು. ದಾರಿ ಬೇಕೇನೋ ಎಂದು ದರ್ಜಿ ಬದಿಗೆ ಸರಿದ. ವ್ಯಾನು ಮುಂದೆ ಹೋಗಲಿಲ್ಲ, ಹಾರ್ನು ನಿಲ್ಲಿಸಲಿಲ್ಲ. ಕೈಬೀಸಿ ಹೋಗೆಂದ. ಆಗಲೂ ಹೋಗಲಿಲ್ಲ. ಏನಾದರೂ ಆಗಲಿ ಎಂದು ಅವನು ಬ್ರೇಕು ಹಾಕಿದ. ಹಿಂದೆ ಚಕ್ರಗಳು ಕಿರುಚಿದವು. ಎರಡು ಗಾಡಿಗಳ ನಡುವೆ ಗೇಣುದ್ದದ ಗಾಳಿ ಉಳಿದಿತ್ತು.

ಇಳಿದು ಬಂದವಳು ವ್ಯಾನಿನ ಚಾಲಕಿ. ಅವಳು ನೇರ ಗಾಡಿಯ ಹಿಂಬದಿಗೆ ಬೆರಳು ತೋರಿಸಿದಳು.

“ನಿಮ್ಮ ಬ್ರೇಕ್ ಲೈಟ್ ಕಾಣಿಸ್ತಾನೇ ಇಲ್ಲ ಸಾರ್. ಆ ನೀಲಿ ಸೈಕಲ್ ಆಗಿಂದ ಉಯ್ಯಾಲೆ ಆಡ್ತಾ ಇದೆ. ಈಗ ನನ್ನ ಗಾಜಿಗೆ ಬಂತು, ಈಗ ಬಂತು ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ.”

ನೀಲಿ ಸೈಕಲ್ಲು ಒಂದೇ ಪಟ್ಟಿಯಲ್ಲಿ ಜೋತಾಡುತ್ತಿತ್ತು. ಅದರ ಮುಂದಿನ ಚಕ್ರ ಸೈಲೆನ್ಸರಿನ ಬಾಯಿಗೆ ಬಂದು ನಿಂತಿತ್ತು. ರಬ್ಬರು ಸುಟ್ಟ ವಾಸನೆ. ದರ್ಜಿ ಒಮ್ಮೆ ಪಟ್ಟಿಯನ್ನೂ ಒಮ್ಮೆ ತನ್ನ ಬೆರಳನ್ನೂ ನೋಡಿದ. ಇಷ್ಟು ನಾಜೂಕಾಗಿ ಹಿಡಿದದ್ದು ಹೀಗೆ ಯಾಕೆ ಕೈಬಿಟ್ಟಿತು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಕೆರೆಗೆ ಹೋಗದೆ ಅಲ್ಲಿಂದಲೇ ಹಿಂದಿರುಗಿದರು. ಮನೆಗೆ ಬಂದು, ಹೆಂಡತಿ ಕುರ್ಚಿಯ ಮೇಲೆ ಎಡಗಾಲನ್ನು ನೀಡಿ ಕೂತ ಮೇಲೆ ಹೇಳಿದಳು.

“ರೀ, ಆ ಸೈಕಲ್ ಯಾರಿಗಾದ್ರೂ ಕೊಟ್ಟುಬಿಡಿ. ನನ್ನ ಕಾಲು ಬಿಗಿದುಕೊಂಡ್ರೆ ಬಿಗಿದುಕೊಳ್ಳಲಿ. ಅದಕ್ಕೋಸ್ಕರ ಇನ್ನೊಬ್ಬರ ಮನೆ ಹೆಣ್ಣುಮಗಳು ರಸ್ತೆ ಮೇಲೆ ನಡುಗೋದು ಬೇಡ.”

ಹಗ್ಗಣ್ಣ ಸಂಜೆ ಬಂದು, ನಾನು ಮೊದಲೇ ಹೇಳಲಿಲ್ಲವೇ ಎಂದು ಹಗ್ಗದ ಸುರುಳಿಯೊಂದನ್ನು ಬಾಗಿಲಲ್ಲಿಟ್ಟು ಹೋದ. ದಿನಗಳು ಕಳೆದವು. ಹೆಂಡತಿ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದು ಹೆಚ್ಚಾಯಿತು. ಮೊದಲು ಒಂದು ಕೈ ಸಾಕಿತ್ತು. ಈಗ ಎರಡೂ ಬೇಕಾದವು. ದರ್ಜಿ ಅದನ್ನು ಕಂಡೂ ಕಾಣದಂತೆ ಸೂಜಿಗೆ ದಾರ ಪೋಣಿಸುತ್ತಿದ್ದ, ದಾರ ಹೋಗುತ್ತಿರಲಿಲ್ಲ.

ಭಾನುವಾರ ನಾದಿನಿ ಬಂದಳು. ಹೆಂಡತಿಯ ತಂಗಿ ಪಶುವೈದ್ಯೆ. ರಜೆ ಸಿಕ್ಕಿತೆಂದರೆ ತನ್ನ ಗಾಡಿಯ ಹಿಂದೆ ಸೈಕಲ್ಲು ಏರಿಸಿ ಎಲ್ಲಿಗೋ ಹೊರಟುಬಿಡುವವಳು. ಅಕ್ಕನ ಮಂಡಿಯನ್ನು ಮುಟ್ಟಿ ನೋಡಿ ಅವಳ ಮುಖ ಗಂಭೀರವಾಯಿತು. ಆಮೇಲೆ ಕೆಳಗಿಳಿದು ರ‍್ಯಾಕನ್ನು ಹಿಡಿದು ಒಮ್ಮೆ ಅಲುಗಿಸಿದಳು. ಅದು ಸಡಿಲ ಹಲ್ಲಿನಂತೆ ಕಟಕಟ ಎಂದಿತು.

“ಭಾವ, ಇದನ್ನ ಬಿಗಿದೋರು ಯಾರು?”

“ನಾನೇ. ಸ್ವಲ್ಪ ಉಸಿರಾಡೋಕೆ ಜಾಗ ಬಿಟ್ಟಿದ್ದೆ.”

“ಸೈಕಲ್ ಉಸಿರಾಡುತ್ತಾ ಭಾವ?” ನಾದಿನಿಗೆ ನಗು ಬಂತು.

ದರ್ಜಿ ಜೋತುಬಿದ್ದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. ಬಿಗಿದರೆ ನೋವಾಗುತ್ತದೆಂದು ತಾನು ನಂಬಿ ಬಂದದ್ದನ್ನು, ಗೀಚು ಬೀಳುತ್ತದೆಂಬ ಭಯವನ್ನು, ತಡವರಿಸುತ್ತ ಹೇಳಿಕೊಂಡ. ನಾದಿನಿ ನಗುವುದನ್ನು ನಿಲ್ಲಿಸಿದಳು.

“ದಿನಾ ಹಸು, ನಾಯಿ ಹಿಡಿಯೋಳು ನಾನು. ಸಡಿಲ ಹಿಡಿದಷ್ಟೂ ಅವು ಹೆದರಿ ಒದ್ದಾಡ್ತವೆ, ಅವಕ್ಕೂ ಪೆಟ್ಟು, ನನಗೂ ಪೆಟ್ಟು. ಗಟ್ಟಿ ಹಿಡಿಯೋದೇ ಬೇರೆ, ನೋಯಿಸೋದೇ ಬೇರೆ ಭಾವ. ಗೀಚುತ್ತೆ ಅಂತ ಭಯ ಇದ್ರೆ ನಡುವೆ ಒಂದು ಬಟ್ಟೆ ತುಂಡು ಇಡಿ. ನಿಮ್ಮ ಅಂಗಡಿಯಲ್ಲಿ ಅದಕ್ಕೇನು ಬರ?”

ಅಂದು ಮಧ್ಯಾಹ್ನವೆಲ್ಲ ಅವಳು ಹೇಳುತ್ತ ಹೋದಳು, ಅವನು ಕೇಳುತ್ತ, ನಡುನಡುವೆ ಗೊಂದಲಗೊಳ್ಳುತ್ತ ಹೋದ. ನೀಲಿ ಸೈಕಲ್ಲಿನಂಥ ಬ್ಯಾಟರಿ ಸೈಕಲ್ಲಿಗೆ, ಅದೂ ಅಡ್ಡಕೊಳವೆಯಿಲ್ಲದ್ದಕ್ಕೆ, ಚಕ್ರಗಳು ಕೂರುವ ತಟ್ಟೆಯ ರ‍್ಯಾಕೇ ಬೇಕು. ಒಂದೊಂದು ಸೈಕಲ್ಲಿಗೆ ಎಷ್ಟು ಭಾರ ತಾಳುತ್ತದೆಂದು ರ‍್ಯಾಕಿನ ಮೇಲೇ ಬರೆದಿರುತ್ತದೆ. ಹಿಚ್ಚು ಎಷ್ಟು ಹೊರುತ್ತದೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ; ಆ ಲೆಕ್ಕದಲ್ಲಿ ಸೈಕಲ್ಲುಗಳ ಜೊತೆ ರ‍್ಯಾಕಿನ ತೂಕವೂ ಸೇರಬೇಕು. ಇಲ್ಲಿ ದರ್ಜಿ ತಡೆದ. ಅಷ್ಟು ದೊಡ್ಡ ದೋಣಿ ಎಳೆದ ಹಿಚ್ಚಿಗೆ ಎರಡು ಸೈಕಲ್ಲು ಯಾವ ಲೆಕ್ಕ?

“ಎಳೆಯೋದು ಬೇರೆ, ಹೊರೋದು ಬೇರೆ. ದೋಣಿಗೆ ತನ್ನದೇ ಚಕ್ರದ ಗಾಡಿ ಇರುತ್ತೆ. ಸೈಕಲ್‌ಗಳ ಅಷ್ಟೂ ಭಾರ ನೇತಾಡೋದು ಈ ಹಿಚ್ಚಿನ ಮೇಲೆ.”

ಅವನು ತಲೆಯಾಡಿಸಿದ, ಅರ್ಧ ತಿಳಿದವನಂತೆ. ಆದರೆ ಹೆಂಡತಿ ಕಿಟಕಿಯಿಂದಲೇ ಹೇಳಿದಳು, ತಾನು ಮತ್ತೆ ಆ ಗಾಡಿ ಹತ್ತುವುದಿಲ್ಲ, ಯಾರು ಏನೇ ಪಾಠ ಮಾಡಲಿ. ನಾದಿನಿ ತಲೆಯೆತ್ತಿ ನೋಡಿದವಳು ಭಾವನ ಕಡೆ ತಿರುಗಿದಳು.

“ಟ್ರಯಲ್ ಕೊಡದೆ ನೀವು ಯಾರಿಗಾದ್ರೂ ಕೋಟು ಕೊಟ್ಟಿದ್ದೀರಾ ಭಾವ?”

“ಛೆ, ಎಲ್ಲಾದ್ರೂ ಉಂಟಾ.”

“ಮತ್ತೆ ಅಕ್ಕನನ್ನ ಟ್ರಯಲ್ ಇಲ್ದೆ ದೊಡ್ಡರಸ್ತೆಗೆ ಕರ್ಕೊಂಡು ಹೋದ್ರಲ್ಲ.”

ಆ ಮಾತು ಸೂಜಿಯ ಹಾಗೆ ಒಳಗಿಳಿಯಿತು. ಮರುದಿನವೇ ರ‍್ಯಾಕು ಬದಲಾಯಿತು. ದಂಡವನ್ನು ಹಿಚ್ಚಿನ ಬಾಯಿಗೆ ತೂರಿಸಿ, ರಂಧ್ರಕ್ಕೆ ರಂಧ್ರ ಸೇರಿಸಿ, ಪಿನ್ನು ಹಾಕಿ ಅದರ ಕ್ಲಿಪ್ಪು ಸಿಕ್ಕಿಸಿದರು. ಅಲುಗಾಟ ತಡೆಯುವ ಬೋಲ್ಟನ್ನು ದರ್ಜಿ ಸ್ಪ್ಯಾನರಿನಿಂದ ಬಿಗಿದ. ಅವನ ಮಣಿಕಟ್ಟು ಎರಡು ಸಲ ಅನುಮಾನಿಸಿತು, ನಾದಿನಿ ಎರಡು ಸಲವೂ ಇನ್ನೂ ಎಂದಳು. ಬ್ಯಾಟರಿಯನ್ನು ಕಳಚಿ ಗಾಡಿಯೊಳಗಿಟ್ಟು, ಭಾರದ ನೀಲಿ ಸೈಕಲ್ಲನ್ನು ಗಾಡಿಗೆ ಹತ್ತಿರ, ಹಗುರದ ಕಪ್ಪನ್ನು ಹೊರಗೆ ಕೂರಿಸಿದರು. ಚಕ್ರಗಳಿಗೆ ಪಟ್ಟಿ, ಚೌಕಟ್ಟಿಗೆ ಬಿಗಿಹಿಡಿಯುವ ಕೊಕ್ಕೆ, ನಡುವೆ ಕೋಟಿನ ಅಸ್ತರಿನ ಮೆತ್ತನೆಯ ತುಂಡು. ಸೈಲೆನ್ಸರಿನ ಬಿಸಿ ಯಾವ ಚಕ್ರಕ್ಕೂ ತಾಗದಂತೆ ನೋಡಿದರು. ಮರೆಯಾದ ದೀಪಕ್ಕೂ ನಂಬರ್ ಪ್ಲೇಟಿಗೂ ಬದಲಾಗಿ ದೀಪವೂ ನಂಬರೂ ಇರುವ ಹಲಗೆಯೊಂದನ್ನು ಹಿಂದೆ ಕಟ್ಟಿ, ಬ್ರೇಕು ತುಳಿದು ನೋಡಿದರು. ಹಗ್ಗಣ್ಣನ ಹಗ್ಗ ಬಟ್ಟೆ ಒಣಗಿಸಲು ಹೋಯಿತು.

ಆಮೇಲೆ ಟ್ರಯಲ್. ಹೆಂಡತಿಯಿಲ್ಲದೆ ಬೀದಿಯ ಸುತ್ತ ಒಂದು ಸುತ್ತು. ನಿಲ್ಲಿಸಿ, ಇಳಿದು, ಪ್ರತಿ ಪಟ್ಟಿಯನ್ನೂ ಮತ್ತೆ ಮುಟ್ಟಿ ನೋಡುವುದು. ಒಂದು ಪಟ್ಟಿ ಕೂದಲೆಳೆಯಷ್ಟು ಸರಿದಿತ್ತು. ಬಿಗಿದರು. ಹೆಂಡತಿ ಗೋಡೆ ಹಿಡಿದು ಕೆಳಗಿಳಿದು ಬಂದಳು. ಸೈಕಲ್ಲನ್ನು ಹಿಡಿದು ಜೋರಾಗಿ ಎಳೆದಳು. ಸೈಕಲ್ಲು ಅಲುಗಲಿಲ್ಲ, ಇಡೀ ಗಾಡಿಯೇ ಸ್ಪ್ರಿಂಗುಗಳ ಮೇಲೆ ತೂಗಿತು. ಅವಳು ಮತ್ತೊಮ್ಮೆ ಎಳೆದಳು, ನಂಬಲಾರದವಳಂತೆ. ಆಮೇಲೆ ಗಂಡನ ಕಡೆ ನೋಡಿ, ನಾಳೆ ಬೆಳಿಗ್ಗೆ ಎಂದಷ್ಟೇ ಅಂದಳು.

ಓದುವವರೇ, ಕೇಳುವವರೇ, ನಿಮ್ಮ ಗಾಡಿಗೂ ಇಂಥದೊಂದು ರ‍್ಯಾಕು ಬರುವುದಿದ್ದರೆ ಹಿಚ್ಚಿನ ಬಾಯಿಯನ್ನು ಒಳಗಿನಿಂದ ಅಳೆಯಿರಿ. ಸೈಕಲ್ಲನ್ನು ಮೊದಲು ತೂಗಿ, ಆಮೇಲೆ ರ‍್ಯಾಕನ್ನು ಆರಿಸಿ. ಹೊರಡುವ ಮುನ್ನ ಕೈಯಿಂದ ಎಳೆದು ನೋಡಿ, ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ನೋಡಿ. ಹಿಂದಕ್ಕೆ ತೆಗೆಯುವಾಗ ನಿಮ್ಮ ಗಾಡಿ ಈಗ ಉದ್ದವಾಗಿದೆ ಎಂಬುದು ನೆನಪಿರಲಿ. ನಿಮ್ಮ ಹಿಂದೆ ಬರುತ್ತಿರುವವರ ಮುಖ ನಿಮಗೆ ಕಾಣುವುದಿಲ್ಲ. ಆದರೆ ಅವರ ಜೀವವೂ ನೀವು ಬಿಗಿಯುವ ಆ ಬೋಲ್ಟಿನಲ್ಲಿದೆ. ದಯವಿಟ್ಟು ಪೂರ್ತಿ ಬಿಗಿಯಿರಿ.

ಮಾರನೆಯ ಬೆಳಿಗ್ಗೆ ದರ್ಜಿ ತಾನೂ ಬರುವುದಾಗಿ ಹೇಳಿ ಚಪ್ಪಲಿ ಹುಡುಕತೊಡಗಿದ. ಕೆಳಗೆ ನಾದಿನಿ ಗಾಡಿ ಚಾಲೂ ಮಾಡಿಯಾಗಿತ್ತು. ಹೆಂಡತಿ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದುಕೊಳ್ಳುತ್ತ, ಬೇಡ ಎಂದಳು.

“ಗಿರಾಕಿಗಳು ಬರ್ತಾರೆ, ನೀವು ಅಂಗಡಿ ನೋಡ್ಕೊಳ್ಳಿ. ನಾನು ಹೋಗಿ ಬರ್ತೀನಿ.”

ಅವನು ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತ. ಸಂತೋಷಪಡಬೇಕೋ, ಭಯಪಡಬೇಕೋ, ಬೇಸರಪಡಬೇಕೋ ತಿಳಿಯಲಿಲ್ಲ. ಅವಳು ಗೋಡೆಗೆ ಒಂದೇ ಕೈ ತಾಗಿಸಿ ಹೊಸ್ತಿಲು ದಾಟಿದಳು. ಬಾಗಿಲು ಅವಳ ಹಿಂದೆ ಮೆಲ್ಲಗೆ, ಪೂರ್ತಿ ಮುಚ್ಚಿಕೊಂಡಿತು.