ಕೀಲಿಗೆ ಕಿವಿಯಿಟ್ಟವನು

ತೊಟ್ಟಿಯ ಮೇಲಿನ ನಲ್ಲಿ ಬುಸ್ಸೆಂದಿತು, ಕೆಮ್ಮಿತು, ಒಂದು ಕೊಡ ತುಂಬುವಷ್ಟರಲ್ಲಿ ಮತ್ತೆ ಮೂಕವಾಯಿತು. ನೂಲಿಗೆ ಬಣ್ಣ ಹಾಕಿ ಬದುಕುವ ಬಣ್ಣದಕ್ಕ ಕೊಡವನ್ನು ನೆಲಕ್ಕೆ ಕುಕ್ಕಿದಳು. ತೊಳೆಯಬೇಕಾದ ನೂಲು ನೀಲಿ ಕಾರುತ್ತ ಒಣಗುತ್ತಿತ್ತು. ಹಾಗೇ ಒಣಗಿದರೆ ಕಲೆ ಬಿದ್ದು ಹಾಳು.

“ಇದು ನಿಮ್ಮ ತಮ್ಮಂದೇ ಕೆಲಸ ಕಣ್ರೀ,” ಎಂದಳು ಗಂಡನಿಗೆ. “ಆಸ್ತಿ ಪಾಲಿನ ಜಗಳ ಇನ್ನೂ ಹೊಟ್ಟೇಲಿಟ್ಕೊಂಡಿದ್ದಾನೆ. ನಮ್ಮ ಬೀದಿ ನೀರು ಮಾತ್ರ ಬೇಗ ನಿಲ್ಲಿಸ್ತಾನೆ.”

ಗಾರೆ ಕೆಲಸದ ಗಂಡ ಕರಣೆ ಒರೆಸುತ್ತಿದ್ದ. ಆ ನಲ್ಲಿಯನ್ನು ಅವಳಿಗೆಂದು ತಾನೇ ನಿಂತು ಹಾಕಿಕೊಟ್ಟವನು. “ಬಿಡೇ ಅತ್ಲಾಗೆ. ಊರಿಗೆ ಬಂದ ಹಾಗೆ ನಮಗೂ ಬರುತ್ತೆ.”

“ಬರ್ತಿಲ್ವಲ್ಲ! ಅದನ್ನೇ ಬಡ್ಕೋತಿರೋದು.”

ಅವನು ತಲೆಯೆತ್ತಲಿಲ್ಲ. ಅಣ್ಣತಮ್ಮಂದಿರು ಒಳಗೊಳಗೇ ಒಂದಾಗಿದ್ದಾರೋ ಎಂಬ ಹುಳ ಅವಳ ತಲೆ ಹೊಕ್ಕಿತು. ಹೊಕ್ಕ ಹುಳ ಸುಮ್ಮನಿದ್ದೀತೇ? ನೇರ ಪುರಸಭೆಗೆ ಹೋಗಿ, ಊರಿಗೆ ನೀರು ಬಿಡುವ ಮೈದುನನ ಮೇಲೆ ಇಂಜಿನಿಯರಿಗೆ ದೂರು ಹೇಳಿದಳು.

“ನಾಳೆ ಬಂದು ನೋಡ್ತೀನಮ್ಮ. ಅವನದೇ ತಪ್ಪಾದ್ರೆ ಕೆಲಸದಿಂದ ತೆಗೀತೀನಿ,” ಎಂದ ಆತ.

ಮರುದಿನ ಬೆಳಿಗ್ಗೆ ಅವಳು ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಳು. ಮೈದುನ ಬಂದ, ಬೀದಿ ತುದಿಯ ನೀರಿನ ವಾಲ್ವ್ ತೆರೆದ. ಆಮೇಲೆ ಅದನ್ನು ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ನೆಲಕ್ಕೂರಿ, ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ, ಹಾಡು ಕೇಳುವವನಂತೆ. ತುಸು ಮುಂದೆ ಬಂದು ಮತ್ತೆ ಆಲಿಸಿದ. ಅವಳ ಮನೆಯ ಗೋಡೆಯ ಬಳಿ ಅವನ ಮುಖ ಕಂದಿತು. ಸರಸರನೆ ಹಿಂದಿರುಗಿ ವಾಲ್ವ್ ಮುಚ್ಚತೊಡಗಿದ.

“ಸಿಕ್ಕಿಬಿದ್ದೆ ನೋಡು!” ಅವಳು ಹೊರಗೆ ನುಗ್ಗಿದಳು. “ಹೆಂಡತಿ ಮಾತಿಗೆ ಕೊಡದ ಕಿವೀನ ಕಬ್ಬಿಣಕ್ಕೆ ಕೊಡ್ತೀಯಾ? ಇರು, ಇಂಜಿನಿಯರ್ ಬರ್ತಿದ್ದಾರೆ.”

“ದೂರು ಕೊಟ್ಟಿದ್ದು ನೀವಾ ಅತ್ತಿಗೆ? ಕೆಟ್ವಿ.” ಅವನು ಬೀದಿಯ ಎರಡೂ ತುದಿ ನೋಡಿ, ಅವಳ ಗೋಡೆಯ ಪಕ್ಕ ಕೀಲಿಯೂರಿದ. “ಬನ್ನಿ, ನೀವೇ ಕೇಳಿ.”

ಅನುಮಾನಿಸುತ್ತಲೇ ಕಿವಿಯಿಟ್ಟಳು. ತಣ್ಣನೆಯ ಕಬ್ಬಿಣದೊಳಗೆ ಜುಳುಜುಳು ಸದ್ದು. ತನ್ನ ತೊಟ್ಟಿಯ ಬುಡದಲ್ಲೇ ನೀರು ಸೋರುತ್ತಿತ್ತು.

“ನಿಮ್ಮ ನಲ್ಲಿಗೆ ಪುರಸಭೆ ಒಪ್ಪಿಗೇನೇ ಇಲ್ಲ. ದೊಡ್ಡ ಪೈಪಿಗೆ ಅಣ್ಣ ಕದ್ದು ಜೋಡಿಸಿದ್ದು. ಈಗ ಆ ಜೋಡಣೆ ಒಡೆದಿದೆ. ಹೆಚ್ಚು ಹೊತ್ತು ಬಿಟ್ರೆ ನೀರು ಬೀದಿಗೆ ಉಕ್ಕಿ ಗುಟ್ಟು ರಟ್ಟಾಗುತ್ತೆ. ಅದಕ್ಕೇ ಬೇಗ ಮುಚ್ತಿದ್ದೆ.”

ಬಾಗಿಲಲ್ಲಿ ನಿಂತಿದ್ದ ಗಂಡ ಕೈಯಲ್ಲಿದ್ದ ಕರಣೆಯನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಜೀಪು ನಿಂತಿತು. “ಏನಯ್ಯಾ, ಈ ಬೀದಿಗೆ ಯಾಕೆ ಕಡಿಮೆ ನೀರು?” ಎಂದ ಇಂಜಿನಿಯರ್.

ಮೈದುನ ಕೀಲಿಯನ್ನು ಗೋಡೆಯ ಬಳಿಯಿಂದ ಈಚೆಗೆ ಎಳೆದುಕೊಂಡ. ಹೇಳಿದರೆ ಅಣ್ಣನ ಮಾನ, ಹೇಳದಿದ್ದರೆ ತನ್ನ ಅನ್ನ. ಬಣ್ಣದಕ್ಕ ತನ್ನ ನೂಲಿನತ್ತ ನೋಡಿದಳು. ಈ ನಲ್ಲಿ ಹೋದರೆ ಬಣ್ಣದ ಕೆಲಸವೂ ಹೋದಂತೆಯೇ.

“ದೂರು ನಂದು ಸಾರ್,” ಎಂದಳು. “ತಪ್ಪೂ ನಮ್ಮನೇದೇ. ಅಗೆಯೋದಾದ್ರೆ ಇಲ್ಲಿ ಅಗೀರಿ.”

ಆಮೇಲೆ ಗಂಡನತ್ತ ತಿರುಗಿದಳು. “ಗುದ್ದಲಿ ತನ್ನಿ. ಹೂತಿಟ್ಟೋರಿಗೆ ತಾನೇ ಜಾಗ ಗೊತ್ತಿರೋದು?”