ಅಮ್ಮನ ಬಲಭುಜ

ಒಬ್ಬರ ಎಡಬಲಗಳು ಅವರವೇ ಹೊರತು ಎದುರಿಗೆ ನಿಂತವರವಲ್ಲ ಎಂಬ ಮಹಾಸತ್ಯವನ್ನು ಬೇಲೂರಿನಲ್ಲಿ ಸತೀಶನಷ್ಟು ಆಳವಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ತನ್ನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತವರಿಗೆಲ್ಲ ಒಂಬತ್ತು ವರ್ಷದಿಂದ ಅದನ್ನೇ ಬೋಧಿಸುತ್ತಿದ್ದ: "ಮುಖ ಬಲಕ್ಕೆ. ನನ್ನ ಬಲ ಅಲ್ಲ ಕಣ್ರೀ, ನಿಮ್ದು." ಕಾವ್ಯಶ್ರೀಗೂ ಹಾಗೇ ಹೇಳಿದ್ದ. ಅವಳು ಬೇಕೆಂದೇ ಎಡಕ್ಕೆ ತಿರುಗಿ ನಕ್ಕಿದ್ದಳು. ಪ್ರೇಮ ಅಲ್ಲಿಂದ ಶುರುವಾಯಿತು.

ಅವಳಪ್ಪ ದೊಡ್ಡಬೀರಪ್ಪ ಬೇಡವೆನ್ನಲಿಲ್ಲ. "ನಾನ್ಯಾವೋನಪ್ಪ ಹೇಳಾಕೆ? ಹುಲಿಕೆರೆ ಅಮ್ಮನ್ ತಾವ ಹೂ ಕೇಳಾನ. ಬಲಕ್ಕೆ ಕೊಟ್ರೆ ಮದ್ವೆ. ಎಡಕ್ಕೆ ಕೊಟ್ರೆ ನೀನ್ಯಾರೋ, ನಾವ್ಯಾರೋ."

ಅಮ್ಮನ ಎರಡೂ ಭುಜಕ್ಕೆ ಒದ್ದೆ ಸೇವಂತಿಗೆ ಅಂಟಿಸಿ ಕಾಯುವುದು. ಯಾವುದು ಮೊದಲು ಉದುರುತ್ತದೋ ಅದೇ ಅವಳ ಮಾತು. ಸತೀಶ ಬೇರೆ ಏನನ್ನಾದರೂ ದೈವಕ್ಕೆ ಬಿಡುತ್ತಿದ್ದ, ಇದನ್ನಲ್ಲ. ಪೂಜಾರಿ ಜಯದೇವಪ್ಪ ಅವನ ಸೋದರಮಾವ. ಹೂ ಕೇಳುವ ಮಂಗಳವಾರ ಬೆಳಿಗ್ಗೆ ಅಲಂಕಾರದ ಫೋಟೋ ತೆಗೆಯುವ ನೆಪದಲ್ಲಿ ಗರ್ಭಗುಡಿ ಹೊಕ್ಕವನು, ಮಾವ ಹೂ ಅಂಟಿಸಿಟ್ಟು ನೀರು ತರಲು ಹೋದಾಗ ಜೇಬಿನಿಂದ ಗೋಂದಿನ ಬಾಟಲಿ ತೆಗೆದು, ಎಡಗಡೆಯ ಹೂವಿಗೆ ಬಳಿದ.

ಅರ್ಧ ತಾಸು ಗಂಟೆ ಬಾರಿಸಿದರು. "ಬಲ ಕೊಡವ್ವ," ಎಂದು ಕಾವ್ಯಶ್ರೀ ಕಣ್ಣು ಮುಚ್ಚಿ ಗೊಣಗುತ್ತಲೇ ಇದ್ದಳು. ಅಮ್ಮನ ಎಡಭುಜದ ಹೂವು ಟಪ್ಪೆಂದು ಬಿತ್ತು. ಬಲದ್ದು ವರ್ಗಾವಣೆಗೆ ಒಪ್ಪದ ಗುಮಾಸ್ತನಂತೆ ಕೂತೇ ಇತ್ತು.

"ಅಮ್ಮ ಹೇಳಾಯ್ತು ಕಣಪ್ಪ," ಎಂದ ದೊಡ್ಡಬೀರಪ್ಪನ ದನಿಯಲ್ಲೂ ಬೇಸರವಿತ್ತು. ಮಗಳ ಕೈ ಹಿಡಿದು ಹೊರಟ.

ಎಲ್ಲರೂ ಹೋದ ಮೇಲೆ ಜಯದೇವಪ್ಪ ಉಳಿದ ಹೂವನ್ನು ಕಿತ್ತ. ಜೊತೆಗೆ ಅಮ್ಮನ ಭುಜದ ಬಣ್ಣವೂ ಚೂರು ಕಿತ್ತು ಬಂತು. "ಏನ್ಲಾ ಇದು, ಗೋಂದಲ್ವಾ?"

"ಎಡದ್ದಕ್ಕೇ ಹಚ್ಚಿದ್ದೆ ಮಾವ."

"ಯಾರ ಎಡ?"

ಸತೀಶ ಅಮ್ಮನನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ. "ಹೋಗಿ ನಿಜ ಹೇಳ್ಬಿಡ್ಲಾ?" ಎಂದ.

"ಹೇಳು, ಹೇಳು. ಅಮ್ಮನ ಮೈಗೆ ಗೋಂದು ಬಳ್ದಿರೋ ಅಳಿಯ ಅಂತ ಹಾರ ಹಾಕ್ತಾನೆ."

ಅವನು ಹೇಳಲಿಲ್ಲ.

ಮಾಘದಲ್ಲಿ ಅರಸೀಕೆರೆಯ ಹೇಮಂತನೊಂದಿಗೆ ಕಾವ್ಯಶ್ರೀಯ ಮದುವೆಯಾಯಿತು. ಗೊತ್ತಿರುವ ಹುಡುಗ ಎಂದು ದೊಡ್ಡಬೀರಪ್ಪ ಫೋಟೋ ಕೆಲಸವನ್ನು ಸತೀಶನಿಗೇ ಒಪ್ಪಿಸಿದ್ದ.

"ಮೇಡಂ, ಸ್ವಲ್ಪ ಬಲಕ್ಕೆ," ಎಂದ ಸತೀಶ, ಕ್ಯಾಮೆರಾದ ಹಿಂದಿನಿಂದ.

"ಯಾರ ಬಲ?"

"ನಿಮ್ದೇ."

ಅವಳು ಬಲಕ್ಕೇ ತಿರುಗಿದಳು. ಫೋಟೋ ಚೆನ್ನಾಗಿ ಬಂತು.