ಹೆಬ್ಬೆರಳಗಲದ ನರ

"ಎತ್ತಮ್ಮ, ಹೆದರಬೇಡ. ಪುಸ್ತಕದ ಹಾಳೆ ಮಗುಚಿದ ಹಾಗೆ," ಎಂದರು ಜ್ಯೋತಿಲಕ್ಷ್ಮಿ ಮೇಡಂ.

ಅಂಗರಚನಾ ತರಗತಿಯ ಟೇಬಲ್ಲಿನ ಮೇಲೆ ಚರ್ಮ ಬಿಡಿಸಿ ಕವುಚಿ ಮಲಗಿಸಿದ್ದ ಶವದ ಪೃಷ್ಠವನ್ನು ಒಂದೇ ಒಂದು ದಪ್ಪ ಸ್ನಾಯು ಹೊದ್ದುಕೊಂಡಿತ್ತು. ಗ್ಲೂಟಿಯಸ್ ಮ್ಯಾಕ್ಸಿಮಸ್. ಹಗ್ಗದ ಹುರಿಗಳಂತೆ ಒರಟಾದ ಎಳೆಗಳು ಓರೆಯಾಗಿ ತೊಡೆಯತ್ತ ಇಳಿದಿದ್ದವು. ವೈದ್ಯಕೀಯ ಕಾಲೇಜಿಗೆ ಸೇರಿ ಇನ್ನೂ ವರ್ಷವಾಗದ ಅಕ್ಷತ, ಟೇಬಲ್ಲಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರಡಿಗೆ ಬೆರಳು ತೂರಿಸಿ ಮೆಲ್ಲಗೆ ಎತ್ತಿದಳು.

ಕೆಳಗೆ ಪಿರಿಫಾರ್ಮಿಸ್ ಎಂಬ ಪುಟ್ಟ ಸ್ನಾಯುವಿನ ಅಡಿಯಿಂದ, ದಂತದ ಬಣ್ಣದ ಪಟ್ಟಿಯೊಂದು ಹೊರಬಂದು ಕಾಲಿನ ಕಡೆ ಹೊರಟಿತ್ತು. ನರವೆಂದರೆ ಹೊಲಿಗೆಯ ದಾರದಂತಿರುತ್ತದೆ ಎಂದುಕೊಂಡಿದ್ದಳು ಅವಳು. ಇದು ಅವಳ ಹೆಬ್ಬೆರಳಿನಷ್ಟು ಅಗಲವಿತ್ತು, ಮಂದವಾಗಿ ಹೊಳೆಯುತ್ತಿತ್ತು.

"ಸಯಾಟಿಕ್. ಮೈಯಲ್ಲೇ ಅತಿ ದಪ್ಪ ನರ. ನಡೆಯುವಾಗ ಪಾದ ಎತ್ತು ಅನ್ನೋ ಅಪ್ಪಣೆ ಇದರೊಳಗಿಂದಲೇ ಹೋಗಬೇಕು." ಮೇಡಂ ಇಕ್ಕಳದ ತುದಿಯಿಂದ ಪೃಷ್ಠವನ್ನು ನಾಲ್ಕು ಪಾಲು ಮಾಡಿ ತೋರಿಸಿದರು. "ಸೂಜಿ ಯಾವಾಗಲೂ ಮೇಲೆ, ಹೊರಮಗ್ಗುಲಿಗೆ. ಕೆಳಗೆ ಒಳಗಡೆ ಚುಚ್ಚಿದರೆ ನೇರ ಇಲ್ಲಿಗೇ. ಹಿಂದೆ ಎಷ್ಟೋ ಮಕ್ಕಳಿಗೆ ಹಾಗಾಗಿ ಪಾದ ಜೋತುಬೀಳ್ತಿತ್ತು. ಬೆರಳು ನೆಲ ಕೆರೆಯುತ್ತೆ."

ಅಕ್ಷತಳ ಕೈ ಅಲ್ಲೇ ನಿಂತಿತು. ಅಮ್ಮನ ಎಡಗಾಲಿನ ಬೆರಳು ಅಂಗಳದ ಮಣ್ಣು ಕೆರೆಯುವ ಸದ್ದು ಕೇಳಿದಂತಾಯಿತು.

ಶನಿವಾರ ಸಂಜೆ ಅನುಗೊಂಡನಹಳ್ಳಿಗೆ ಬಂದಾಗ ಅವಳಮ್ಮ ಮುನಿವೆಂಕಟಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಇದೇ ಊರಲ್ಲಿ ಅಮ್ಮ ಚಿಕ್ಕವಳಿದ್ದಾಗ ಮೇಕೆ ಅಟ್ಟಿಸಿಕೊಂಡು ಹೋಗಿ ಹೊಲದ ಬದುವಿನ ಹುತ್ತ ತುಳಿದಿದ್ದಳಂತೆ. ಜ್ವರ ಬಂತು, ಕಾಲು ಬಿತ್ತು. ನಾಗಪ್ಪನ ಮುನಿಸು ಎಂದರು ಎಲ್ಲರೂ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹುತ್ತಕ್ಕೆ ಹಾಲು. ಅಕ್ಷತ ಹುಟ್ಟಿದಾಗ ಅಮ್ಮ ಮೊದಲು ನೋಡಿದ್ದು ಮಗುವಿನ ಪಾದಗಳನ್ನು.

"ಅಮ್ಮ, ಆ ಜ್ವರಕ್ಕೆ ಸೂಜಿ ಹಾಕ್ಸಿದ್ರಾ?"

"ಹಾಕ್ಸ್ದೆ ಬಿಡ್ತಾರಾ? ಸೈಕಲ್ನಲ್ಲಿ ಬರ್ತಿದ್ನಲ್ಲ, ಸೂಜಿ ಡಾಕ್ಟ್ರು. ನಮ್ಮವ್ವ ಅದುಮಿ ಹಿಡ್ಕಂಡಿದ್ಲು. ಕಾಲುದ್ದಕ್ಕೂ ಬೆಂಕಿ ಹರ್ದಂಗಾಯ್ತು ಕಣೆ."

"ಕಾಲು ಬಿದ್ದಿದ್ದು ಯಾವಾಗ?"

"ಸೂಜಿ ಹಾಕ್ಸ್ಕಂಡು ಮಂಚದಿಂದ ಇಳಿಯಕ್ಕೋದೆ..." ಮುನಿವೆಂಕಟಮ್ಮನ ಕೈಯ ಸೊಪ್ಪು ಅಲ್ಲೇ ಉಳಿಯಿತು. "ಆವಾಗ್ಲೇ."

"ಎಲ್ಲಿ ಚುಚ್ಚಿದ್ದು, ತೋರ್ಸು."

"ಥೂ, ಇದ್ನ ಓದಕ್ಕಾ ನಿಂಗೆ ಕಾಲೇಜು?" ಎಂದು ಬೈದರೂ ತಿರುಗಿ ನಿಂತು, ಸೀರೆಯ ಮೇಲೆ ಬೆರಳಿಟ್ಟಳು. ಕೆಳಗೆ, ಒಳಮಗ್ಗುಲಿಗೆ.

ಅಕ್ಷತ ಹೆಬ್ಬೆರಳು ಎತ್ತಿ ಹಿಡಿದಳು. "ಅಲ್ಲಿ ಇಷ್ಟಗಲ ನರ ಇದೆಯಮ್ಮ. ಒಳಗೆ ಸಾವಿರಾರು ಎಳೆ, ರೇಷ್ಮೆ ಲಡಿ ಥರ. ಸೂಜಿ ಅದಕ್ಕೆ ಬಿದ್ದಿದೆ."

"ನನ್ನೊಳ್ಗಾ? ಕುಂಡೀಲಾ?" ಮುನಿವೆಂಕಟಮ್ಮನಿಗೆ ನಗು ಬಂತು. ನಗು ನಿಂತ ಮೇಲೆ, ನಿದ್ದೆ ಹೋದ ಮಗುವನ್ನು ಮುಟ್ಟುವಂತೆ, ಆ ಜಾಗದ ಮೇಲೆ ಅಂಗೈ ಇಟ್ಟುಕೊಂಡಳು. "ದೇವ್ರು ಇಷ್ಟೆಲ್ಲ ಮಡಗವ್ನೆ ಒಳ್ಗೆ. ನಾವು ಅದ್ರ ಮೇಲೇ ಕುಂತ್ಕಂಡು ಸೊಪ್ಪು ಬಿಡಿಸ್ತೀವಿ."

ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ತುಂಬಿಕೊಂಡಿತು.

"ಹಂಗಾರೆ ಹುತ್ತದ ತಪ್ಪಲ್ವಾ?"

"ಅಲ್ಲಮ್ಮ. ನಿಂದೂ ಅಲ್ಲ."

"ಪಾಪ," ಎಂದಳು ಮುನಿವೆಂಕಟಮ್ಮ.

"ಯಾರು?"

"ನಾಗಪ್ಪ ಕಣೆ. ಏನೂ ಮಾಡ್ದಿರೋನ ಮೇಲೆ ಇಷ್ಟು ವರ್ಷ ತಪ್ಪು ಹೊರಿಸ್ಬಿಟ್ನಲ್ಲ ನಾನು."

ಮರುದಿನ ಅಕ್ಷತ ಎದ್ದಾಗ ಅಮ್ಮ ಮನೆಯಲ್ಲಿರಲಿಲ್ಲ. ಉತ್ತ ಹೊಲದ ಹಸಿ ಮಣ್ಣಿನಲ್ಲಿ ಹೆಜ್ಜೆಗಳು ಬದುವಿನ ಕಡೆ ಹೋಗಿದ್ದವು. ಎಡಗಾಲಿನ ಪ್ರತಿ ಗುರುತಿನ ಮುಂದೆ ಒಂದು ಸಣ್ಣ ಗೀರು. ಯಾವಾಗಲೂ ದೂರದಿಂದಲೇ ಕೈ ಚಾಚಿ ಹಾಲು ಎರೆದು, ಹಿಂದಿರುಗಿ ನೋಡದೆ ಬಂದುಬಿಡುತ್ತಿದ್ದಳು. ಇವತ್ತಿನ ಹೆಜ್ಜೆಗಳು ಹುತ್ತದ ಬುಡದವರೆಗೂ ಇದ್ದವು.

ಹಾಲಿನ ಲೋಟ ಬರಿದಾಗಿ ಪಕ್ಕದಲ್ಲಿತ್ತು. ಮುನಿವೆಂಕಟಮ್ಮ ನೆರೆಮನೆಯವಳ ಜೊತೆ ಮಾತಿಗೆ ಕುಳಿತಂತೆ, ಎರಡೂ ಕಾಲು ಚಾಚಿ, ಮೈಭಾರವನ್ನೆಲ್ಲ ನೆಲಕ್ಕೆ ಬಿಟ್ಟು ಕುಳಿತಿದ್ದಳು.